ಹಿರಿತನದ ಪಟ್ಟಿಯಂತೆ ಬಿಡಿಸಿದ ನಕ್ಷೆ

ನಾನು ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ, ನಿವೃತ್ತಳಾದದ್ದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿ. ನಡುವೆ ಸಿಕ್ಕ ಬಡ್ತಿಗಳ ಕಥೆ ಇಲ್ಲಿ ಬೇಡ. ನಿಲ್ದಾಣದಲ್ಲಿ ಕಾದು ನಿಂತವರಿಗೆ ಒಂದಲ್ಲ ಒಂದು ಬಸ್ಸು ಬಂದೇ ಬರುತ್ತದೆ. ಈಗ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. "ಬಾಯಾರ, ಫೈಲ್ ಎಲ್ಲಾ ಓದಿದ್ವಿ. ಆದ್ರ ಕೆಲಸ ಖರೇ ಹೆಂಗಿರತೈತಿ ಅಂತ ಅದರಾಗ ಎಲ್ಲೂ ಇಲ್ರಿ" ಎಂದರು. ಫೈಲು ಬರೆದವಳೇ ನಾನಾದ್ದರಿಂದ ಸ್ವಲ್ಪ ಸಿಟ್ಟು ಬಂತು. ಅವರು ಹೇಳಿದ್ದು ನಿಜವಾದ್ದರಿಂದ ಬರೆಯಲು ಕುಳಿತಿದ್ದೇನೆ.

ನಮ್ಮದು ರೈತರಿಗೆ ಬಿತ್ತನೆ ಬೀಜ ಮಾರುವ ಸಹಕಾರ ಸಂಘ. ಮುಖ್ಯ ಕಚೇರಿ ಹಾನಗಲ್ಲಿನಲ್ಲಿ. ಶಾಖೆಗಳು ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ. ಬಂಕಾಪುರದಲ್ಲಿ ಒಂದು ಗೋದಾಮು. ಯಾವ ಯಂತ್ರ ಎಲ್ಲಿದೆ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಂದು ಕೆಟ್ಟರೆ ಇನ್ನೇನೇನು ನಿಲ್ಲುತ್ತದೆ, ಮುಂದಿನ ವರ್ಷ ಏನು ಬೇಕು ಎಂಬುದನ್ನೆಲ್ಲ ಯೋಚಿಸಿ ಬರೆದಿಡುವುದು ನನ್ನ ಕೆಲಸ. ಇಂಗ್ಲಿಷಿನಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ. ನಮ್ಮವ್ವನನ್ನು ಯಾರಾದರೂ ಕೇಳಿದರೆ, "ನಮ್ಮ ಕಸ್ತೂರಿ ವೈರಿನ ಕುಲಕರ್ಣಿಕಿ ಮಾಡ್ತಾಳ" ಎನ್ನುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ವಿವರಣೆ ನನಗೂ ಸಿಕ್ಕಿಲ್ಲ.

ಕಾಗದಕ್ಕೂ ನೆಲಕ್ಕೂ ಎಷ್ಟು ದೂರ ಎಂಬುದು ಮೊದಲು ತಿಳಿದದ್ದು ಹಿರೇಕೆರೂರಿನಲ್ಲಿ. ಅಲ್ಲಿನ ಮುಖ್ಯ ಕಂಪ್ಯೂಟರಿಗೆ ಬೇಸಿಗೆಯ ಕಾವು ತಾಗಬಾರದೆಂದು ಒಂದು ಪುಟ್ಟ ಕೋಣೆ, ಅದಕ್ಕೊಂದು ಏಸಿ ಎಂದು ನಾನು ಯೋಜನೆ ಬರೆದೆ. ಆಡಳಿತ ಮಂಡಳಿ ಒಪ್ಪಿತು, ಕೋಣೆ ಆಯಿತು, ಏಸಿ ಬಂತು. ಮೂರು ತಿಂಗಳ ನಂತರ ಟೇಪು, ವಹಿ ಹಿಡಿದು ತಪಾಸಣೆಗೆ ಹೋದರೆ, ಆ ಕೋಣೆಯಲ್ಲಿ ಶಾಖೆಯ ಮ್ಯಾನೇಜರರು ಮೇಜು, ಕುರ್ಚಿ, ತಮ್ಮ ತಂದೆಯವರ ಫೋಟೋ ಸಮೇತ ತಂಪಾಗಿ ಕುಳಿತಿದ್ದರು. ಕಂಪ್ಯೂಟರು ಹಿಂದಿನ ಉಗ್ರಾಣದಲ್ಲಿ ಗೋವಿನಜೋಳದ ಮಾದರಿ ಚೀಲಗಳ ನಡುವೆ ಬೆವರುತ್ತಿತ್ತು.

"ಇದೇನ್ರಿ ಸಾಹೇಬ್ರ, ಈ ಏಸಿ ಕಂಪ್ಯೂಟರಿಗೆ ಬಂದಿದ್ದು" ಎಂದೆ.

"ಬಾಯಾರ, ಕಂಪ್ಯೂಟರ್ ಕೆಟ್ರ ರಿಪೇರಿ ಮಾಡಬಹುದು. ನನಗ ಬಿಪಿ ಐತಿ" ಎಂದರು.

ಹದಿನೈದು ದಿನ ಪತ್ರ ವ್ಯವಹಾರ ನಡೆದು, ಕೊನೆಗೆ ಕಂಪ್ಯೂಟರನ್ನು ಅವರ ಮೇಜಿನ ಪಕ್ಕಕ್ಕೇ ತಂದಿಟ್ಟು, ದಾಖಲೆಯಲ್ಲಿ "ಸರ್ವರ್ ಕೋಣೆ (ಮ್ಯಾನೇಜರ್ ಸಹಿತ)" ಎಂದು ಬರೆದೆ. ಲೆಕ್ಕ ಪರಿಶೋಧಕರು ಆ ಸಾಲಿನ ಕೆಳಗೆ ಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಮ್ಯಾನೇಜರರು ವರ್ಗವಾಗಿ ಹೋಗುವವರೆಗೂ ಆ ಚಿಹ್ನೆ ಹಾಗೇ ಇತ್ತು.

ಇನ್ನು ನವಿಲಿನ ಸಂಗತಿ. ಹಾನಗಲ್ಲಿನಿಂದ ಶಿಗ್ಗಾವಿ ಮತ್ತು ಸವಣೂರಿನ ಶಾಖೆಗಳಿಗೆ ಸಂಪರ್ಕ ಹೋಗುತ್ತಿದ್ದದ್ದು ಬಂಕಾಪುರದ ಗೋದಾಮಿನ ಮೂಲಕ. ಗೋದಾಮು ದಿಬ್ಬದ ಮೇಲಿದ್ದುದರಿಂದ ಅದರ ಮಾಳಿಗೆಯ ಮೇಲೆ ಕಂಬ ನೆಟ್ಟು ಆಂಟೆನಾ ಕೂರಿಸಿದ್ದೆವು. ಕೆಳಗೆ ಒಂದು ಸಣ್ಣ ಪೆಟ್ಟಿಗೆ. ಹಾನಗಲ್ಲಿನಿಂದ ಬಂದದ್ದನ್ನು ಅದು ಎರಡು ಪಾಲು ಮಾಡಿ ಎರಡೂ ಊರಿಗೆ ಕಳಿಸುತ್ತಿತ್ತು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಗೋದಾಮಿನ ಕಾವಲುಗಾರ ಫಕ್ಕೀರಪ್ಪ. ನಾಲ್ಕನೆಯ ಇಯತ್ತೆ ಓದಿದ್ದ, ಹತ್ತಿಬೀಜದ ಚೀಲ ಎತ್ತಿದರೆ ತೂಕ ಹೇಳುತ್ತಿದ್ದ. ಅವನ ಕೈಕೆಳಗೆ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ.

ಒಂದು ಚಳಿಗಾಲ ಪ್ರತಿದಿನ ಸಂಜೆ ಐದೂವರೆಗೆ ಎರಡೂ ಶಾಖೆಗಳ ಸಂಪರ್ಕ ಕಡಿಯತೊಡಗಿತು. ಯಂತ್ರ ಬದಲಿಸಿದೆ, ತಂತಿ ಬದಲಿಸಿದೆ. ಕೊನೆಗೆ ಬಂಕಾಪುರಕ್ಕೆ ಹೋಗಿ ಸಂಜೆಯವರೆಗೆ ಕುಳಿತೆ. ಫಕ್ಕೀರಪ್ಪ ಚಹಾ ಕೊಟ್ಟು, "ಬಾಯಾರ, ಮ್ಯಾಲ ನೋಡ್ರಿ, ಸಾಹೇಬ್ರು ಬಂದ್ರು" ಎಂದ. ಕೋಟೆಯ ಕಡೆಯಿಂದ ಒಂದು ಗಂಡು ನವಿಲು ಹಾರಿಬಂದು, ಆಂಟೆನಾದ ಮೇಲೆ ಕುಳಿತು, ಗರಿ ಸರಿಮಾಡಿಕೊಂಡಿತು. ಅದರ ಭಾರಕ್ಕೆ ಆಂಟೆನಾ ಹಾನಗಲ್ಲನ್ನು ಬಿಟ್ಟು ನೆಲ ನೋಡತೊಡಗಿತು. ಬೆಳಿಗ್ಗೆ ಅದು ಎದ್ದು ಹೋದ ಮೇಲೆ ಫಕ್ಕೀರಪ್ಪ ದಿನವೂ ಏಣಿ ಹತ್ತಿ ಆಂಟೆನಾ ನೆಟ್ಟಗೆ ಮಾಡುತ್ತಿದ್ದನಂತೆ.

"ಮೊದಲೇ ಯಾಕ ಹೇಳಲಿಲ್ಲಪಾ?" ಎಂದೆ.

"ನೀವು ಯಾರೂ ಕೇಳಲಿಲ್ಲಲ್ರಿ. ಮ್ಯಾಲಾಗಿ ಅದು ರಾಷ್ಟ್ರಪಕ್ಷಿ. ಸಂಘದ ಕೆಲಸಕ್ಕ ಬಂದಿರಬೇಕು ಅಂತ ಸುಮ್ನಿದ್ದೆ" ಎಂದ.

ದೋಷದ ಕಾರಣ ಎಂಬ ಕಾಲಮಿನಲ್ಲಿ "ನವಿಲು" ಎಂದು ಬರೆದು ಕಳಿಸಿದೆ. ಆಗಿನ ಜನರಲ್ ಮ್ಯಾನೇಜರರು ಅದನ್ನು ಕೆಂಪು ಶಾಯಿಯಲ್ಲಿ ಸುತ್ತುಹಾಕಿ, "ತಾಂತ್ರಿಕ ಭಾಷೆಯಲ್ಲಿ ಬರೆಯಿರಿ" ಎಂದು ಹಿಂದಕ್ಕೆ ಕಳಿಸಿದರು. "ಆಂಟೆನಾದ ಮೇಲೆ ಅನಧಿಕೃತ ಭಾರ" ಎಂದು ತಿದ್ದಿದೆ, ಮಂಜೂರಾಯಿತು. ಪರಿಹಾರ ಮಾತ್ರ ಫಕ್ಕೀರಪ್ಪನದೇ. ಆಂಟೆನಾಕ್ಕಿಂತ ಎರಡು ಮೊಳ ಎತ್ತರದ ಇನ್ನೊಂದು ಕಂಬ ನೆಟ್ಟು, ಅಡ್ಡಕ್ಕೆ ಒಂದು ಬಡಿಗೆ ಕಟ್ಟಿದ. ನವಿಲು ಮರುದಿನವೇ ಅಲ್ಲಿಗೆ ವರ್ಗವಾಯಿತು. ಅದಾದ ಮೇಲೆ ಬಂಕಾಪುರದಿಂದ ಒಂದೂ ದೂರು ಬರಲಿಲ್ಲ. ದೂರು ಬಾರದ ಊರಿಗೆ ನಾನು ಹೋಗುವುದೂ ನಿಂತಿತು, ಅದು ನನ್ನ ತಪ್ಪು.

ಈಗ ಹೇಳಲು ನಾಚಿಕೆಯಾಗುವ ಭಾಗಕ್ಕೆ ಬರುತ್ತೇನೆ. ಮಂಡಳಿಯವರು ಒಂದು ವರ್ಷ ಇಡೀ ಸಂಘದ ಸಂಪರ್ಕದ ನಕ್ಷೆ ಬಿಡಿಸಿ, ಚೌಕಟ್ಟು ಹಾಕಿಸಿ, ಪ್ರತಿ ಶಾಖೆಯ ಗೋಡೆಗೆ ಹಾಕಬೇಕೆಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದೆ. ಮೇಲೆ ಹಾನಗಲ್ಲು, ಅದರ ಕೆಳಗೆ ಒಂದು ಕಡೆ ಹಿರೇಕೆರೂರು, ಇನ್ನೊಂದು ಕಡೆ ಬಂಕಾಪುರ. ಬಂಕಾಪುರದ ಕೆಳಗೆ ಶಿಗ್ಗಾವಿ ಮತ್ತು ಸವಣೂರು. ಸಭೆಯಲ್ಲಿ ಹಾಳೆ ಬಿಚ್ಚಿದ್ದೇ ತಡ, ಶಿಗ್ಗಾವಿ ಶಾಖೆಯ ಮ್ಯಾನೇಜರ್ ಚನ್ನಬಸಪ್ಪನವರು ಎದ್ದು ನಿಂತರು.

"ಏನ್ರಿ ಇದು? ಫಕ್ಕೀರಪ್ಪನ ಕೆಳಗ ನನ್ನ ಹಾಕೀರಲ್ರಿ?"

"ನಿಮ್ಮನ್ನ ಅಲ್ರಿ, ನಿಮ್ಮ ವೈರು" ಎಂದೆ.

"ಗ್ವಾಡಿಗೆ ಹಾಕಿದ ಮ್ಯಾಲ ಮಂದಿ ವೈರು ನೋಡ್ತಾರೇನ್ರಿ? ಯಾರು ಮ್ಯಾಲ, ಯಾರು ಕೆಳಗ, ಅಷ್ಟ ನೋಡ್ತಾರ. ನಮ್ಮ ಬೀಗರು ಕಚೇರಿಗೆ ಬರ್ತಾರ್ರಿ."

ಅರ್ಧ ದಿನ ಇದೇ ಚರ್ಚೆ. ಒಬ್ಬ ನಿರ್ದೇಶಕರು ಬಂಕಾಪುರವನ್ನು ನಕ್ಷೆಯಿಂದಲೇ ತೆಗೆಯಿರಿ ಎಂದರು, ಇನ್ನೊಬ್ಬರು ಎಲ್ಲರನ್ನೂ ದುಂಡಗೆ ಕೂರಿಸಿ ಎಂದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಊಟದ ಹೊತ್ತು ಮೀರುತ್ತಿದ್ದಾಗ ಜನರಲ್ ಮ್ಯಾನೇಜರರು ಒಂದು ದಾರಿ ಹುಡುಕಿದರು. ನಮ್ಮ ಸಂಘದಲ್ಲಿ ಯಾರೂ ಪ್ರಶ್ನೆ ಮಾಡದ ಕಾಗದ ಒಂದೇ ಇತ್ತು, ಅದು ಸೇವೆಯ ಹಿರಿತನದ ಪಟ್ಟಿ. ಅದರಂತೆ ಬಿಡಿಸಿರಿ ಎಂದರು. ಸವಣೂರಿನ ಮಕ್ಬೂಲ್ ಸಾಹೇಬರು ಮ್ಯಾನೇಜರರಲ್ಲೆಲ್ಲ ಹಿರಿಯರು. ಆದ್ದರಿಂದ ಹಿರೇಕೆರೂರನ್ನು ಮೊದಲಿನಂತೆ ಬೇರೆ ಬದಿಗೇ ಬಿಟ್ಟು, ಹಾನಗಲ್ಲಿನ ಕೆಳಗೆ ಸವಣೂರು, ಸವಣೂರಿನ ಕೆಳಗೆ ಶಿಗ್ಗಾವಿ, ಎಲ್ಲಕ್ಕಿಂತ ಕೆಳಗೆ, ಬಾಲದ ತುದಿಯಲ್ಲಿ, ಬಂಕಾಪುರ.

"ಸಾಹೇಬ್ರ ಕೆಳಗ ಕುಂದ್ರಾಕ ನನಗೇನೂ ಅಡ್ಡಿಯಿಲ್ಲ, ಅವರು ಹಿರ್ಯಾರು" ಎಂದು ಚನ್ನಬಸಪ್ಪನವರು ಕುಳಿತರು. ಮಕ್ಬೂಲ್ ಸಾಹೇಬರು ನನ್ನ ಕಡೆ ನೋಡಿ, "ಬಾಯಾರ, ಇದು ನಡೀತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ನನಗೂ ಹಸಿವಾಗಿತ್ತು. "ಗ್ವಾಡಿ ಮ್ಯಾಲ ಇರೂದಲ್ರಿ, ನಡೀತೈತಿ ಬಿಡ್ರಿ" ಎಂದೆ. ಕೆಳಗೆ ಸಹಿ ಹಾಕಿದೆ, ಸಂಘದ ಸಿಕ್ಕಾ ಒತ್ತಿಸಿದೆ.

ಗೋಡೆಗೆಂದು ಹುಟ್ಟಿದ ಆ ನಕ್ಷೆ ಗೋಡೆಯ ಮೇಲಷ್ಟೇ ಉಳಿಯಲಿಲ್ಲ. ಸಿಕ್ಕಾ ಬಿದ್ದ ಕಾಗದಕ್ಕೆ ಕಾಲು ಬರುತ್ತವೆ. ವಾರ್ಷಿಕ ವರದಿಗೆ ಹೋಯಿತು, ಟೆಂಡರಿಗೆ ಹೋಯಿತು, ಪರಿಶೋಧಕರ ಕಡತಕ್ಕೆ ಹೋಯಿತು. ಪೆನ್ಸಿಲ್ಲು, ಸ್ಕೇಲು ಬಿಟ್ಟು ಕಂಪ್ಯೂಟರಿನಲ್ಲೇ ನಕ್ಷೆ ಬಿಡಿಸುವ ಕಾಲ ಬಂದಾಗ ನಾನು ಅದನ್ನೇ ನೋಡಿ ಚಂದವಾಗಿ, ಬಣ್ಣ ತುಂಬಿ ನಕಲು ಮಾಡಿದೆ. ಎಂಟು ವರ್ಷ, ಪ್ರತಿ ವರ್ಷವೂ "ಪರಿಶೀಲಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಹಾಗೆ ಸಹಿ ಹಾಕಿ ಹಾಕಿ ನಾನು ಹೇಳಿದ ಸುಳ್ಳನ್ನು ನಾನೇ ನಂಬಿಬಿಟ್ಟೆ.

ಒಂದು ಮುಂಗಾರಿನಲ್ಲಿ, ಬಿತ್ತಿಗೆಯ ಹದ ಬಂದ ವಾರ, ಶುಕ್ರವಾರ ಮಧ್ಯಾಹ್ನ ಸವಣೂರು, ಶಿಗ್ಗಾವಿ, ಬಂಕಾಪುರ ಮೂರೂ ಒಟ್ಟಿಗೆ ಸಂಪರ್ಕ ಕಳೆದುಕೊಂಡವು. ಕಂಪ್ಯೂಟರಿನಲ್ಲಿ ಬೀಜದ ತಳಿ, ಚೀಲದ ನಂಬರು ಏರದೆ ರಸೀದಿ ಬರುವುದಿಲ್ಲ, ರಸೀದಿ ಇಲ್ಲದೆ ಬೀಜ ಕೊಡುವಂತಿಲ್ಲ. ಎರಡೂ ಶಾಖೆಗಳ ಮುಂದೆ ಜನ ಚೀಲ ಹಿಡಿದು ನಿಂತಿದ್ದರು. ನೆಲದ ಹದ ಯಾರಿಗೂ ಕಾಯುವುದಿಲ್ಲ.

ಆಗ ಹೊಸ ಜನರಲ್ ಮ್ಯಾನೇಜರರು ಬಂದು ಎರಡು ತಿಂಗಳಾಗಿತ್ತು. ಮೈಸೂರು ಕಡೆಯವರು, ಚುರುಕು, ಪ್ರಾಮಾಣಿಕರು, ಕಾಗದವನ್ನು ನಂಬುವವರು. ನಕ್ಷೆಯ ಮುಂದೆ ನಿಂತು ಬೆರಳಿಟ್ಟರು. "ನೋಡಿ ಕಸ್ತೂರಿಯವರೇ, ಉಳಿದೆರಡೂ ಸವಣೂರಿನ ಕೆಳಗಿವೆ. ತೊಂದರೆ ಸವಣೂರಿನಲ್ಲೇ ಇರಬೇಕು." ನಾನು ನೋಡಿದೆ, ತಲೆಯಾಡಿಸಿದೆ. ಆ ಕ್ಷಣದಲ್ಲಿ ನವಿಲೂ ನೆನಪಾಗಲಿಲ್ಲ, ಕಂಬವೂ ನೆನಪಾಗಲಿಲ್ಲ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಸವಣೂರಿಗೆ ಹೊರಟೆ. ಬಸ್ಸು ಬಂಕಾಪುರದ ಮೇಲೆಯೇ ಹೋಗುತ್ತದೆ. ಗೋದಾಮಿನ ಬಾಗಿಲಲ್ಲಿ ಫಕ್ಕೀರಪ್ಪ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದ. ಎಷ್ಟು ಪ್ರೀತಿಯ ಮನುಷ್ಯ ಎಂದುಕೊಂಡು ನಾನೂ ಕಿಟಕಿಯಿಂದ ಕೈ ಬೀಸಿದೆ.

ಸವಣೂರಿನಲ್ಲಿ ಸಂಜೆಯವರೆಗೆ ಪ್ರತಿಯೊಂದು ಯಂತ್ರವನ್ನೂ ಬಿಚ್ಚಿ ಕೂಡಿಸಿದೆ. ಎಲ್ಲವೂ ಸರಿಯಾಗಿತ್ತು. ಮಕ್ಬೂಲ್ ಸಾಹೇಬರು ಹೊರಗಿನ ಜನರನ್ನು ಸಮಾಧಾನ ಮಾಡುತ್ತ, ನಡುನಡುವೆ ಒಳಗೆ ಬಂದು ನನ್ನ ಮುಂದೆ ಖಾರಾ, ಚಹಾ ಇಟ್ಟು ಹೋಗುತ್ತಿದ್ದರು. ಮುಂದಿನ ತಿಂಗಳ ಕೊನೆಗೆ ಅವರ ನಿವೃತ್ತಿ. ಮೂವತ್ತೈದು ವರ್ಷದ ನೌಕರಿಯಲ್ಲಿ ಒಂದು ನೋಟಿಸೂ ಪಡೆದವರಲ್ಲ.

ತಿರುಗಿ ಬರುವಾಗ ಬಂಕಾಪುರದಲ್ಲಿ ಫಕ್ಕೀರಪ್ಪ ಈ ಸಲ ರಸ್ತೆಯ ನಡುವೆಯೇ ನಿಂತಿದ್ದ. ಡ್ರೈವರ್ ಬೈಯುತ್ತ ಬಸ್ಸು ನಿಲ್ಲಿಸಿದ. ಅವನು ಮೆಟ್ಟಿಲು ಹತ್ತಿ ನನ್ನ ಸೀಟಿಗೇ ಬಂದ.

"ಇಳೀರಿ ಬಾಯಾರ. ನಿನ್ನಿಂದ ಫೋನ್ ಮಾಡಾಕತ್ತೇನಿ, ಎತ್ತವಲ್ರಿ. ಮುಂಜಾನೆ ಅಷ್ಟು ಕೈ ಮಾಡಿದ್ರ ನೀವೂ ಕೈ ಮಾಡಿ ಹೋದ್ರಿ."

"ಏನಾತೋ ಫಕ್ಕೀರಪ್ಪ?"

"ಪೆಟಗಿ ಕಾದು ನಾರಾಕತ್ತೈತ್ರಿ. ಎರಡೂ ಊರಿನ ವೈರು ಅದರಾಗ ಅದಾವಲ್ರಿ, ಮರತ್ರೇನು?"

ಮರೆತಿದ್ದೆ. ಕೂಸು ಕಂಕುಳಲ್ಲಿತ್ತು, ನಾನು ಊರೆಲ್ಲ ಹುಡುಕಿದ್ದೆ. ಒಳಗೆ ಹೋದರೆ ಬಿತ್ತಿಗೆಯ ಹಂಗಾಮಿಗೆ ಬಂದ ಬೀಜದ ಚೀಲಗಳನ್ನು ಹಮಾಲರು ಮಾಳಿಗೆ ಮುಟ್ಟುವಂತೆ ಒಟ್ಟಿದ್ದರು. ಪೆಟ್ಟಿಗೆ ಅದರ ಹಿಂದೆ ಗಾಳಿಯಿಲ್ಲದೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಚೀಲ ಸರಿಸಿ, ಪೆಟ್ಟಿಗೆ ಆರಿಸಿ, ಫಕ್ಕೀರಪ್ಪ ಮೊರದಿಂದ ಕಾಲು ಗಂಟೆ ಗಾಳಿ ಹಾಕಿದ. ಹಚ್ಚಿದಾಗ ಹಸಿರು ದೀಪಗಳು ಒಂದೊಂದಾಗಿ ಬಂದವು.

ಸಂಪರ್ಕ ಬಂದ ಕೂಡಲೇ ಸವಣೂರಿಗೆ ಹೋಗಿ ಮುಟ್ಟಿದ ಮೊದಲ ಪತ್ರ, ಮಕ್ಬೂಲ್ ಸಾಹೇಬರಿಗೆ ಹೊರಟಿದ್ದ ಕಾರಣ ಕೇಳುವ ನೋಟಿಸು. ಹೊಸ ಸಾಹೇಬರು ಅದನ್ನು ಶನಿವಾರ ಮಧ್ಯಾಹ್ನವೇ ಕಂಪ್ಯೂಟರಿನಲ್ಲಿ ಕಳಿಸಿದ್ದರು. ಸಂಪರ್ಕ ಕಡಿದದ್ದಕ್ಕೆ ಬರೆದ ಪತ್ರ ಸಂಪರ್ಕ ಕಡಿದದ್ದರಿಂದ ದಾರಿಯಲ್ಲೇ ನಿಂತಿತ್ತು. ಅದನ್ನು ಮುಟ್ಟಿಸಿದ ಪುಣ್ಯ ನನ್ನದು. ಸವಣೂರಿನವರು ಫೋನಿನಲ್ಲಿ ನನಗೆ ಓದಿ ಹೇಳಿದರು. ಶುಕ್ರವಾರ ಮಧ್ಯಾಹ್ನ ಮಕ್ಬೂಲ್ ಸಾಹೇಬರು ಬಾಗಿಲು ಹಾಕಿಕೊಂಡು ನಮಾಜಿಗೆ ಹೋಗಿದ್ದರು, ಹೋಗುವಾಗ ಯಂತ್ರ ಆರಿಸಿರಬೇಕು ಎಂಬುದು ಅದರ ಸಾರಾಂಶ. ತಪ್ಪು ರುಜುವಾತಾದರೆ ಸೇವಾ ಪುಸ್ತಕದಲ್ಲಿ ಶರಾ ಬರೆಯಲಾಗುವುದು ಎಂದಿತ್ತು.

ನಾನು ತಕ್ಷಣ ಹೊಸ ಸಾಹೇಬರಿಗೆ ಫೋನ್ ಮಾಡಿ, ತೊಂದರೆ ಇದ್ದದ್ದು ಬಂಕಾಪುರದಲ್ಲಿ ಎಂದೆ. "ಬಂಕಾಪುರ ಎಲ್ಲಕ್ಕಿಂತ ಕೆಳಗಿದೆ. ಅಲ್ಲಿ ಕೆಟ್ಟರೆ ಮೇಲಿನ ಸವಣೂರು ಹೇಗೆ ನಿಲ್ಲುತ್ತದೆ? ನಕ್ಷೆಗೆ ನಿಮ್ಮದೇ ಸಹಿ ಇದೆಯಲ್ಲ?" ಎಂದರು. ಆಗ ಬಾಯಿ ಬಿಟ್ಟು ನಕ್ಷೆಯೇ ಸುಳ್ಳು ಎಂದು ಹೇಳಬೇಕಿತ್ತು. ಹೇಳಲಿಲ್ಲ. ನನ್ನ ನೌಕರಿಯೂ ಇನ್ನು ಎರಡೇ ವರ್ಷ ಉಳಿದಿತ್ತು. ಎಂಟು ಸಹಿಗಳು ಕಣ್ಣ ಮುಂದೆ ಬಂದವು. "ನೋಡಿ ಹೇಳ್ತೇನ್ರಿ" ಎಂದು ಫೋನ್ ಇಟ್ಟೆ. ನನ್ನ ಜೀವನದಲ್ಲಿ ನಾನು ಇಷ್ಟು ಹೇಡಿಯಾದದ್ದು ಅದೊಂದೇ ಸಲ.

ಭಾನುವಾರ ಚನ್ನಬಸಪ್ಪನವರು ಫೋನ್ ಮಾಡಿ ಧೈರ್ಯ ಹೇಳಿದರು. "ಬಿಡ್ರಿ ಬಾಯಾರ, ಸಾಹೇಬ್ರು ಹೆಂಗೂ ಮುಂದಿನ ತಿಂಗಳ ಹೊಂಟಾರ. ಒಂದು ಶರಾ ಬಿದ್ರ ಏನಾಗತೈತಿ? ಪೆನ್ಶನ್ನೇನೂ ನಿಲ್ಲೂದಿಲ್ಲ." ಆ ಮಾತು ಕೇಳಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು, ಏಕೆಂದರೆ ನಾನೂ ಮನಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆಯ ಕಬ್ಬಿಣ ಕಾಯಿಸಿದವಳು ನಾನು.

ಮಕ್ಬೂಲ್ ಸಾಹೇಬರಿಗೆ ಫೋನ್ ಮಾಡಿದೆ. "ನೋಟಿಸಿಗೆ ಏನಂತ ಉತ್ತರಾ ಕೊಡ್ತೀರಿ ಸಾಹೇಬ್ರ?" ಎಂದೆ.

"ಏನ್ ಕೊಡ್ಲಿ? ನಕ್ಷಾ ಸುಳ್ಳು ಅಂದ್ರ ನಿಮಗ ಬರತೈತಿ. ಎಂಟು ವರ್ಷ ಎಲ್ಲಾರ ಮ್ಯಾಲ ಕುಂತೇನಿ ಬಾಯಾರ, ಮ್ಯಾಲ ಕುಂತಾವರಿಗೆ ಬಿಸಿಲು ಮೊದಲು ಬಡೀತೈತಿ. ಇರ್ಲಿ ಬಿಡ್ರಿ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಆಮೇಲೆ, "ಆದ್ರ ನಮಾಜಿನ ಮಾತು ಬರದಾರ ನೋಡ್ರಿ, ಅದೊಂದು ಬ್ಯಾಡಾಗಿತ್ತು" ಎಂದರು.

ಸೋಮವಾರ ಸಭೆ. ಮ್ಯಾನೇಜರರು, ನಿರ್ದೇಶಕರು ಎಲ್ಲರೂ ಇದ್ದರು. ಹೊಸ ಸಾಹೇಬರು ನಕ್ಷೆಯನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅವರು ಮಾತು ಶುರುಮಾಡುವ ಮೊದಲೇ ನಾನು ಎದ್ದೆ.

"ಸರ್, ಅದು ನಕ್ಷಾ ಅಲ್ರಿ."

"ಮತ್ತೇನು?"

"ಹಿರಿತನದ ಪಟ್ಟಿ ರೀ. ನಡುವ ಗೆರಿ ಹೊಡದೇನಿ ಅಷ್ಟ."

ನಡೆದದ್ದನ್ನೆಲ್ಲ ಹೇಳಿದೆ. ಹೊಸ ಸಾಹೇಬರು ಕನ್ನಡಕ ತೆಗೆದು, "ಎಂಟು ವರ್ಷದಿಂದ ನಾವು ಇದನ್ನು ನೋಡಿ ಯಂತ್ರ ಖರೀದಿ ಮಾಡಿದ್ದೇವೆಯೇ?" ಎಂದು ಕೇಳಿದರು. ಹೌದು ಎಂದೆ. "ಇದು ಇನ್ಯಾರಿಗೆ ಗೊತ್ತಿತ್ತು?" ಎಂದರು. ಚನ್ನಬಸಪ್ಪನವರು ಮಾಳಿಗೆಯ ಫ್ಯಾನು ನೋಡತೊಡಗಿದರು. ಇಬ್ಬರು ಹಳೆಯ ನಿರ್ದೇಶಕರೂ ಅದೇ ಫ್ಯಾನು ನೋಡಿದರು. "ಫ್ಯಾನಿಗೂ ಗೊತ್ತಿತ್ತು ಅಂತ ಕಾಣುತ್ತೆ" ಎಂದರು ಸಾಹೇಬರು.

ನೋಟಿಸು ಅಲ್ಲೇ ಹಿಂದಕ್ಕೆ ಪಡೆದರು. ಅಷ್ಟೇ ಅಲ್ಲ, ನಮಾಜಿನ ಮಾತು ಬರೆದದ್ದಕ್ಕೆ ಎಲ್ಲರ ಮುಂದೆ ಎದ್ದು ನಿಂತು ಮಕ್ಬೂಲ್ ಸಾಹೇಬರ ಕ್ಷಮೆ ಕೇಳಿದರು. ದೊಡ್ಡ ಕುರ್ಚಿಯವರು ಕ್ಷಮೆ ಕೇಳಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ನನ್ನ ಕಡೆ ತಿರುಗಿ, ಎಂಟು ದಿನದಲ್ಲಿ ನಿಜವಾದ ನಕ್ಷೆ ಬೇಕು, ತಂತಿ ಯಾವ ಕ್ರಮದಲ್ಲಿ ಹೋಗುತ್ತದೆಯೋ ಅದೇ ಕ್ರಮದಲ್ಲಿ ಆಯಾ ಜಾಗದವರ ಸಹಿ ಬೇಕು ಎಂದರು. ನನ್ನ ಸೇವಾ ಪುಸ್ತಕದಲ್ಲಿ ಶರಾ ಬೀಳುತ್ತದೆ ಎಂದೂ ಹೇಳಿದರು. ಬೀಳಬೇಕಾದದ್ದೇ.

ಈ ಸಲ ಕುರ್ಚಿ ಬಿಟ್ಟು ನಾಲ್ಕೂ ತಾಲೂಕು ತಂತಿಯ ಬೆನ್ನು ಹತ್ತಿ ತಿರುಗಿದೆ. ಹೊಸಬರೇ, ನಿಮ್ಮ ಸಾಫ್ಟ್‌ವೇರು ಈಗ ಯಂತ್ರಗಳನ್ನು ತಾನೇ ಹುಡುಕಿ ನಕ್ಷೆ ಬಿಡಿಸುತ್ತದೆ. ಅದಕ್ಕೆ ಯಾರ ಹಿರಿತನವೂ ಗೊತ್ತಿಲ್ಲ, ಬೀಗರೂ ಇಲ್ಲ, ಒಳ್ಳೆಯದೇ. ಆದರೆ ಚೀಲದ ಹಿಂದೆ ಗಾಳಿ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಅದಕ್ಕೆ ಅಲ್ಲಿ ಇರುವವನನ್ನೇ ಕೇಳಬೇಕು, ಅವನು ಫೋನ್ ಮಾಡಿದರೆ ಎತ್ತಬೇಕು.

ಸಹಿಯ ದಿನ ಬಂಕಾಪುರದ ಜಾಗದಲ್ಲಿ ಫಕ್ಕೀರಪ್ಪ ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ತನ್ನ ಹೆಸರು ಬರೆದ. ಬರೆದು ಮುಗಿಸಿ ಕೆಳಗೆ ಯಾರಿದ್ದಾರೆಂದು ನೋಡಿ ಹೆದರಿ, "ಸಾಹೇಬ್ರ, ನಿಮ್ಮ ಮ್ಯಾಲ ಬರದೇನಲ್ರಿ" ಎಂದು ಹಿಂದೆ ಸರಿದ. ಮಕ್ಬೂಲ್ ಸಾಹೇಬರು ಅವನ ಕೈಯಿಂದ ಪೆನ್ನು ತೆಗೆದುಕೊಂಡು, "ನಿನ್ನ ಕೆಳಗ ನೆರಳೈತೋ ಮಾರಾಯಾ, ಬಿಡು" ಎಂದು ಸಹಿ ಮಾಡಿದರು. ಚನ್ನಬಸಪ್ಪನವರು ಎರಡು ನಿಮಿಷ ಪೆನ್ನಿನ ಮುಚ್ಚಳ ಹುಡುಕಿ, ಆಮೇಲೆ ಮಾಡಿದರು.

ಮುಂದಿನ ತಿಂಗಳ ಕೊನೆಯ ದಿನ ಮಕ್ಬೂಲ್ ಸಾಹೇಬರು ಕೊನೆಯ ಕಾಗದಗಳಿಗೆ ಸಹಿ ಹಾಕಲು ಹಾನಗಲ್ಲಿಗೆ ಬಂದರು. ಗುಮಾಸ್ತ ಅವರ ಸೇವಾ ಪುಸ್ತಕ ತಂದು ಮುಂದಿಟ್ಟ. ಶರಾ ಬರೆಯುವ ಹಾಳೆಗಳನ್ನು ಅವರು ಒಂದೊಂದಾಗಿ ಮಗುಚಿದರು. ಎಲ್ಲವೂ ಖಾಲಿ. ನನ್ನ ಪುಸ್ತಕವೂ ಅದೇ ಮೇಜಿನ ಮೇಲೆ, ಶರಾ ಬರೆದು ಶಾಯಿ ಆರಲೆಂದು ತೆರೆದಿತ್ತು. ಅವರು ಕನ್ನಡಕ ಏರಿಸಿ ಓದಿದರು: "ಎಂಟು ವರ್ಷ ತಪ್ಪು ನಕ್ಷೆಗೆ ಸಹಿ ಮಾಡಿ, ತಾನಾಗಿಯೇ ಒಪ್ಪಿಕೊಂಡಿದ್ದಾರೆ." ನಾನು ನಾಚಿಕೆಯಿಂದ ಪುಸ್ತಕ ಮುಚ್ಚಲು ಹೋದೆ. ಅವರು ಅಂಗೈ ಅಡ್ಡ ಇಟ್ಟರು.

"ಮುಚ್ಚಬ್ಯಾಡ್ರಿ, ಹಸಿ ಐತಿ, ಅಳಿಸೀತು" ಎಂದರು. "ಮೂವತ್ತೈದು ವರ್ಷ ನೌಕರಿ ಮಾಡಿದೆ ಬಾಯಾರ. ನನ್ನ ಪುಸ್ತಕದಾಗ ನನ್ನ ಬಗ್ಗೆ ಒಂದು ಅಕ್ಷರಾ ಇಲ್ಲ. ನಿಮ್ಮದರಾಗ ಒಂದು ಖರೇ ಮಾತು ಬರದಾರ."

ಶಾಯಿ ಆರುವವರೆಗೂ ಅವರು ಅಂಗೈ ತೆಗೆಯಲಿಲ್ಲ. ನಾನು ಅಳುತ್ತಿದ್ದುದರಿಂದ ಅದು ಎಷ್ಟು ಹೊತ್ತು ಎಂದು ನೋಡಲಿಲ್ಲ.